ಶಾಲೆಯ ಮುಂದಿನ ರಸ್ತೆ

ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದದ್ದು ಶೇಂಗಾ. ಹಳ್ಳಿಗಳಿಂದ ಗಾಡಿಯಲ್ಲಿ ಬಂದ ಕಾಯಿ ಮಿಲ್ಲು ಸೇರುತ್ತಿತ್ತು; ಎಣ್ಣೆ, ಹಿಂಡಿ ಲಾರಿ ಹತ್ತುತ್ತಿದ್ದವು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಲಾರಿಯೇ ಬೇಕಿರಲಿಲ್ಲ. ಬಳ್ಳಾರಿಯಿಂದ ರಾಂಪುರ, ಚಳ್ಳಕೆರೆ ಹಾದು ಹಿರಿಯೂರಿಗೆ ಹೋಗುವ ನಮ್ಮ ರಸ್ತೆ ಇಷ್ಟು ಭಾರವನ್ನು ಸುಮ್ಮನೆ ಹೊರುತ್ತಿತ್ತು.

2003ರ ಸುಮಾರಿಗೆ ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿತು. ಬಳ್ಳಾರಿ, ಸಂಡೂರಿನ ಅದಿರು ಮಂಗಳೂರು, ಬೇಲೆಕೇರಿ, ಚೆನ್ನೈ ಬಂದರುಗಳತ್ತ ಹೊರಟಿತು. ರೈಲು ಸಾಲದೆ ಲಾರಿಗಳು ರಸ್ತೆಗಿಳಿದವು. ನಮ್ಮ ಕಡೆಗೂ ಬಂದವು. ಆಗ ನಾನು ಈ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಭಾರತದ ಬಂದರುಗಳ ಪಾಠ ಮಾಡುವಾಗ ಲಾರಿಗಳ ಸದ್ದಿಗೆ ಮಾತು ನಿಲ್ಲಿಸಬೇಕಾಗುತ್ತಿತ್ತು. ಮಕ್ಕಳ ಪುಸ್ತಕಗಳ ಮೇಲೆ ಕೆಂಧೂಳು. ಒಂಬತ್ತನೇ ತರಗತಿಯ ಇಬ್ಬರು ಹುಡುಗರು ಕ್ಲೀನರ್‌ಗಳಾಗಿ ಹೋದರು. ಮನೆಗೆ ಹೋಗಿ ಕರೆದೆ. “ದಿನದ ಬಾಟಾ ನೀವು ಕೊಡ್ತೀರಾ ಸಾರ್?” ಎಂದರು ಒಬ್ಬನ ತಂದೆ. ಉತ್ತರ ಹೊಳೆಯಲಿಲ್ಲ.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಧೂಳು ಅಡಗಿತು. ಆದರೆ ಸಾಲ ಮಾಡಿ ಲಾರಿ ಕೊಂಡಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳು ಕಂತು ಕಟ್ಟಲಾಗದೆ ಕಂಗಾಲಾದರು. ಕ್ಲೀನರ್ ಆಗಿದ್ದ ಆ ಹುಡುಗರು ಮತ್ತೆ ಶಾಲೆಗೆ ಬರಲಿಲ್ಲ.

ಇಂದು ಅದೇ ರಸ್ತೆ 150ಎ ರಾಷ್ಟ್ರೀಯ ಹೆದ್ದಾರಿ. ಸರಕಿನ ದಾರಿ ಯೋಜಿಸುವವರಿಗೆ ಗಣಿ ಮತ್ತು ಬಂದರು ಎರಡೇ ಕಾಣುತ್ತವೆ. ನಡುವೆ ಊರುಗಳಿವೆ. ಮಕ್ಕಳು ರಸ್ತೆ ದಾಟುವ ಜಾಗ, ಲಾರಿ ನಿಲ್ಲುವ ಜಾಗ, ಹುಡುಗರಿಗೆ ಓದಿದ ಮೇಲೆ ಇಲ್ಲೇ ಸಿಗುವ ದುಡಿಮೆ, ಇವೂ ಯೋಜನೆಯ ಲೆಕ್ಕಕ್ಕೆ ಬರಬೇಕು. ಈ ಶಾಲೆಯಲ್ಲಿ ಓದಿ ಎಂಜಿನಿಯರ್, ಅಧಿಕಾರಿಗಳಾದವರು ಇದನ್ನು ನೆನಪಿಡಲಿ.