ರಕ್ತದಲ್ಲಿ ಬಂದದ್ದಲ್ಲ, ಕಲಿತದ್ದು

ಅಮೆರಿಕದ ಕರಿಯರು ಕಟ್ಟಿದ ಜಾಜ್ ಸಂಗೀತ ಅವರ ರಕ್ತದಲ್ಲೇ ಇತ್ತು ಅಂತ ಬಿಳಿಯರು ಬಹಳ ಕಾಲ ಹೊಗಳಿದರು. ಈ ಹೊಗಳಿಕೆಯನ್ನು ನಾವು ನಂಬೋದಿಲ್ಲ. ದುಡಿಮೆಯನ್ನು ಮುಚ್ಚಿಹಾಕೋ ಹೊಗಳಿಕೆ ಇದು.

ನ್ಯೂ ಆರ್ಲಿಯನ್ಸಿನ ಲೂಯಿ ಆರ್ಮ್‌ಸ್ಟ್ರಾಂಗ್‌ನನ್ನೇ ನೋಡಿ. ಹುಟ್ಟಿದ್ದು 1901ರಲ್ಲಿ, ಕಡುಬಡವರ ಮನೇಲಿ. ಹೊಸ ವರ್ಷದ ರಾತ್ರಿ ಗಾಳಿಗೆ ಪಿಸ್ತೂಲು ಹಾರಿಸಿದ್ದಕ್ಕೆ 1913ರಲ್ಲಿ ಕರಿಯ ಹುಡುಗರ ಸುಧಾರಣಾಲಯಕ್ಕೆ ತಳ್ಳಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಕೈಗೆ ಕಾರ್ನೆಟ್ ಕೊಟ್ಟು ಊದೋದು ಕಲಿಸಿದರು.

ಅವರು ನುಡಿಸುತ್ತಿದ್ದ ಬ್ಲೂಸ್‌ನ ಚೌಕಟ್ಟು ಸಣ್ಣದು. ನಾಲ್ಕು ಎಣಿಕೆಯ ಹನ್ನೆರಡು ಆವರ್ತ, ಮೂರೇ ಸ್ವರಗುಚ್ಛ. ಗುಚ್ಛ ಅಂದರೆ ಒಂದೇ ಗಳಿಗೆಗೆ ಕೂಡಿ ನುಡಿಯೋ ಮೂರ್ನಾಲ್ಕು ಸ್ವರ. ನಾಲ್ಕು ಆವರ್ತ ಷಡ್ಜದ ಮನೆಯಲ್ಲಿ, ಎರಡು ಮಧ್ಯಮದಲ್ಲಿ, ಎರಡು ಮತ್ತೆ ಮನೆಯಲ್ಲಿ. ಆಮೇಲೆ ಪಂಚಮ ಮುಟ್ಟಿ ವಾಪಸ್ಸು. ಕಾರ್ನೆಟ್ ಹಾಡು ಹಿಡೀತದೆ, ಕ್ಲಾರಿನೆಟ್ ಮೇಲೆ ಹೆಣೀತದೆ, ಟ್ರಾಂಬೋನ್ ಕೆಳಗಿಂದ ಗುಚ್ಛದಿಂದ ಗುಚ್ಛಕ್ಕೆ ಜಾರ್ತದೆ. ಗುಚ್ಛ ಯಾವಾಗ ಬದಲಾಗ್ತದೆ ಅಂತ ಕಿವಿಗೆ ಗೊತ್ತಿಲ್ಲದವನು ಅಲ್ಲಿ ಸ್ವಂತದ್ದು ಊದೋ ಹಾಗಿಲ್ಲ. ಬೀದಿಯ ಮೆರವಣಿಗೆ ಬ್ಯಾಂಡಿನ ಹಿಂದೆ ನಡೆದು ನಡೆದು ಹದವಾದ ಕಿವಿ ಅದು.

1922ರಲ್ಲಿ ಕಿಂಗ್ ಆಲಿವರ್ ಅವನನ್ನು ಶಿಕಾಗೋಗೆ ಕರೆಸಿಕೊಂಡರು, ಎರಡನೇ ಕಾರ್ನೆಟ್ಟಿಗೆ. ಗುರು ಮುಂದೆ ಬರೋ ತುಣುಕನ್ನು ಮೆಲ್ಲಗೆ ಸೂಚಿಸೋರು. ಶಿಷ್ಯ ಅದಕ್ಕೆ ಒಪ್ಪೋ ಜೊತೆಸ್ವರ ತಕ್ಷಣ ಹುಡುಕಿ ಕೂಡಿಸಬೇಕು. ಇದು ರಕ್ತದ ಕೆಲಸವೇ?

ಮೊದಲ ಜಾಜ್ ಪ್ಲೇಟನ್ನು ಮಾತ್ರ 1917ರಲ್ಲಿ ಬಿಳಿಯರ ತಂಡ ಹೊರತಂದಿತು. ಗುರು ಶಿಷ್ಯರ ಪ್ಲೇಟು ಬಂದದ್ದು 1923ರಲ್ಲಿ. ಸಿಕ್ಕರೆ ಕೇಳಿ, ಎರಡು ಕಾರ್ನೆಟ್ಟುಗಳನ್ನು ಬಿಡಿಸಿ ಬಿಡಿಸಿ ಕೇಳಿ.