ಬಳ್ಳಾರಿಯಲ್ಲಿ ರಾತ್ರಿ ತಂಗಿದ ಅಂಚೆ ವಿಮಾನ

ಮುಂಬೈಯಿಂದ ಚೆನ್ನೈಗೆ ವಿಮಾನದಲ್ಲಿ ಈಗ ಸುಮಾರು ಎರಡು ಗಂಟೆಯ ಪ್ರಯಾಣ. ನೇರ ಗೆರೆ ಎಳೆದರೆ ಅಂತರ ಸುಮಾರು 1,040 ಕಿ.ಮೀ. 1932ರಲ್ಲಿ ಇದೇ ದಾರಿಗೆ ಎರಡು ದಿನ ಹಿಡಿಯಿತು. ನಡುವಿನ ರಾತ್ರಿ ವಿಮಾನ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ.

ಆಗ ಲಂಡನ್ನಿನಿಂದ ಬರುವ ಕಾಗದಗಳನ್ನು ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಕರಾಚಿಯವರೆಗೆ ತರುತ್ತಿದ್ದವು. ಅಲ್ಲಿಂದ ದಕ್ಷಿಣಕ್ಕೆ ರೈಲೇ ಗತಿ. ಆ ಉಳಿದ ದಾರಿಯನ್ನೂ ವಿಮಾನದಲ್ಲೇ ಮುಗಿಸಲು ಜೆ.ಆರ್.ಡಿ. ಟಾಟಾ ಮತ್ತು ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಹೊರಟರು.

1932ರ ಅಕ್ಟೋಬರ್ 15ರ ಬೆಳಗ್ಗೆ ಜೆ.ಆರ್.ಡಿ. ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಹಾಕಿಕೊಂಡು ಕರಾಚಿ ಬಿಟ್ಟರು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲ್ ತುಂಬಿಸಿದರು. ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಮುಂಬೈಯ ಜುಹು ತಲುಪಿದರು. ಅಲ್ಲಿಂದ ಮುಂದೆ ವಿಮಾನ ಹಾರಿಸಿದವರು ವಿನ್ಸೆಂಟ್. ಅವರು ಬಳ್ಳಾರಿಯಲ್ಲಿ ರಾತ್ರಿ ಕಳೆದು ಮರುದಿನ ಮದ್ರಾಸ್ ಸೇರಿದರು.

ಬಳ್ಳಾರಿಯೇ ಏಕೆ? ಆಗ ಅದು ಮದ್ರಾಸ್ ಪ್ರಾಂತ್ಯದ ಊರು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಮುಂಬೈ–ಬಳ್ಳಾರಿ ಸುಮಾರು 615 ಕಿ.ಮೀ., ಬಳ್ಳಾರಿ–ಚೆನ್ನೈ ಸುಮಾರು 430 ಕಿ.ಮೀ. ಎರಡೂ ಕೂಡಿದರೆ ನೇರ ಅಂತರಕ್ಕಿಂತ ಹತ್ತು ಕಿಲೋಮೀಟರ್ ಕೂಡ ಹೆಚ್ಚಾಗುವುದಿಲ್ಲ. ಅಂದರೆ ಬಳ್ಳಾರಿ ಹೆಚ್ಚುಕಡಿಮೆ ಆ ದಾರಿಯ ಮೇಲೇ ಇದೆ.

ಪುಸ್ ಮಾತ್‌ನ ವೇಗ ಗಂಟೆಗೆ ಸುಮಾರು 170 ಕಿ.ಮೀ. ಲೆಕ್ಕಕ್ಕೆ ಹಾರಾಟದ ಸಮಯ ಆರು ಗಂಟೆ ಚಿಲ್ಲರೆ. ಆದರೂ ಎರಡು ದಿನ ಬೇಕಾದದ್ದು ಕತ್ತಲಿನಿಂದ. ವಿಮಾನದಲ್ಲಿ ರೇಡಿಯೊ ಇರಲಿಲ್ಲ, ಇಳಿಯುವ ಬಯಲಿನಲ್ಲಿ ದೀಪಗಳಿರಲಿಲ್ಲ. ದಿಕ್ಸೂಚಿ ಮತ್ತು ಕಣ್ಣನ್ನೇ ನಂಬಿ ಹಾರಬೇಕಿತ್ತು. ಕತ್ತಲಾಗುವ ಮುಂಚೆ ಇಳಿಯಲೇಬೇಕು. ಹಾಗಾಗಿ ನಡುದಾರಿಯ ಊರಿಗೆ ಬೆಲೆ ಬಂತು.

ಮುಂದೆ ಎಂಜಿನ್ ಬಲವಾಯಿತು, ಟ್ಯಾಂಕ್ ದೊಡ್ಡದಾಯಿತು, ರಾತ್ರಿಯೂ ಹಾರುವಂತಾಯಿತು. ಮುಂಬೈ–ಚೆನ್ನೈ ಅಂತರ ಒಂದು ಕಿಲೋಮೀಟರೂ ಕಡಿಮೆಯಾಗಲಿಲ್ಲ, ಸಮಯ ಮಾತ್ರ ಕುಗ್ಗಿತು. ಹಾಗೆ ಕುಗ್ಗಿದಾಗ ಬಿಟ್ಟುಹೋದದ್ದು ನಡುವಿನ ಊರು. ನಮ್ಮ ಸ್ಟಾಪಿನಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಕಥೆಯೂ ಇದೇ ಅಲ್ಲವೇ? ದೊಡ್ಡ ಊರಿನವರಿಗೆ ಅರ್ಧ ಗಂಟೆ ಉಳಿಯುತ್ತದೆ, ನಮಗೆ ಬಸ್ಸೇ ತಪ್ಪುತ್ತದೆ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಪ್ರಯಾಣಿಕರ ವಿಮಾನ ಬಂದಾಗ ಅದನ್ನು ಹೊಸ ಸಂಗತಿ ಎಂದೇ ಹಲವರು ಕಂಡರು. ಅದಕ್ಕೆ 85 ವರ್ಷ ಮುಂಚೆಯೇ, ದೇಶದ ಹೆಸರಾಂತ ಅಂಚೆ ಹಾರಾಟದ ದಾರಿಯಲ್ಲಿ ಕರಾಚಿ, ಅಹಮದಾಬಾದ್, ಮುಂಬೈ, ಮದ್ರಾಸಿನ ಸಾಲಿನಲ್ಲಿ ಬಳ್ಳಾರಿಯ ಹೆಸರಿತ್ತು. ಈ ಮಾತು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಲಿ.