ಥರ್ಸ್ಕ್‌ನ ದನದ ಡಾಕ್ಟರು ಊರು ಬಿಡಲಿಲ್ಲ

ದನದ ಆಸ್ಪತ್ರೆಗೆ ಡಾಕ್ಟರು ಬಂದರೂ ನಿಲ್ಲುವುದಿಲ್ಲ ಎಂಬ ಮಾತನ್ನು ನಾವು ಹೋದ ಊರಲ್ಲೆಲ್ಲ ಕೇಳುತ್ತೇವೆ. ನಿಂತವರೊಬ್ಬರ ಕತೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿದೆ.

ಆಲ್ಫ್ ವೈಟ್ 1939ರಲ್ಲಿ ಗ್ಲಾಸ್ಗೋದಲ್ಲಿ ಪಶುವೈದ್ಯ ಓದು ಮುಗಿಸಿದರು. ಆಗ ಹೊಸಬರಿಗೆ ಕೆಲಸ ಸಿಗುವುದೇ ಕಷ್ಟ. 1940ರ ಜುಲೈನಲ್ಲಿ ಥರ್ಸ್ಕ್ ಎಂಬ ಸಣ್ಣ ಪೇಟೆಯಲ್ಲಿ ಡೊನಾಲ್ಡ್ ಸಿಂಕ್ಲೇರ್ ಅವರ ಆಸ್ಪತ್ರೆ ಸೇರಿದರು. ಸಿಂಕ್ಲೇರ್ ಆಗ ವಾಯುಪಡೆಗೆ ಹೊರಟು ನಿಂತಿದ್ದರು. ಓದು ಮುಗಿಸಿ ವರ್ಷವೂ ಆಗದ ಹುಡುಗನ ಕೈಗೆ ಇಡೀ ಆಸ್ಪತ್ರೆ ಒಪ್ಪಿಸಿ ಹೋದರು! (ವಯಸ್ಸು ಮೀರಿದ್ದು ಗೊತ್ತಾಗಿ ಕೆಲವೇ ತಿಂಗಳಲ್ಲಿ ವಾಪಸಾದರು, ಅದು ಬೇರೆ ಮಾತು.)

ಕೆಲಸ ಆರಾಮದ್ದಲ್ಲ. ನಡುರಾತ್ರಿಯ ಕರೆ, ಕೊರೆಯುವ ಚಳಿಯ ಕೊಟ್ಟಿಗೆ, ಕರು ಹಾಕಲಾರದ ಹಸುವಿನ ಹಿಂದೆ ಅಂಗಿ ಬಿಚ್ಚಿ ಗಂಟೆಗಟ್ಟಲೆ ಒದ್ದಾಟ. ಸಿಂಕ್ಲೇರ್ ಅವರದ್ದೂ ವಿಚಿತ್ರ ಸ್ವಭಾವ. ಆದರೂ ವೈಟ್ ತಮ್ಮ ವಾಯುಪಡೆ ಸೇವೆ ಮುಗಿಸಿ ಅಲ್ಲಿಗೇ ಮರಳಿದರು, ಪಾಲುದಾರರಾದರು, ನಿವೃತ್ತಿವರೆಗೂ ಉಳಿದರು. ಮೊದಲ ದಿನ ಸಿಕ್ಕ ಆ ನಂಬಿಕೆಯೇ ಹಿಡಿದಿಟ್ಟಿತೆಂದು ನಮ್ಮ ಎಣಿಕೆ.

1970ರಿಂದ ಜೇಮ್ಸ್ ಹೆರಿಯಟ್ ಎಂಬ ಹೆಸರಲ್ಲಿ ಇದನ್ನೆಲ್ಲ ಕತೆಯಾಗಿಸಿ ಬರೆದರು, ಕಷ್ಟವನ್ನು ಮುಚ್ಚಿಡದೆ. ಆ ಪುಸ್ತಕ ಓದಿ, 1978ರ ಬಿಬಿಸಿ ಧಾರಾವಾಹಿ ನೋಡಿ ಪಶುವೈದ್ಯ ಕಲಿಯಲು ಹೋದವರು ಬಹಳ ಮಂದಿ. ವೈಟ್ ಅವರ ಮಗ ಜಿಮ್ ಅದಕ್ಕೂ ಮೊದಲೇ ಅಪ್ಪನ ಆಸ್ಪತ್ರೆ ಸೇರಿಯಾಗಿತ್ತು.